ಚನ್ನಮ್ಮನ ಕತ್ತಿ ಮತ್ತು ಶಾಲೆಯ ನಿಯಮ

ಬೆಳಗಾವಿಯಲ್ಲಿ ಬೆಳೆಯುವ ಮಗು ಅಕ್ಷರ ಕಲಿಯುವ ಮೊದಲೇ ಕತ್ತಿಯನ್ನು ಗುರುತಿಸುತ್ತದೆ. ಚನ್ನಮ್ಮ ವೃತ್ತದಲ್ಲಿ ಕುದುರೆಯೇರಿದ ರಾಣಿಯ ಕೈಯಲ್ಲಿ ಕತ್ತಿ. ರಾಯಣ್ಣ ವೃತ್ತದಲ್ಲಿ ಕತ್ತಿ. ಖಾನಾಪುರ ರಸ್ತೆ ಹಿಡಿದು ಊರು ದಾಟುವಾಗ ಪೀರನವಾಡಿಯಲ್ಲಿ ಮತ್ತೆ ರಾಯಣ್ಣ. ಕ್ಯಾಂಪ್ ಪ್ರದೇಶಕ್ಕೆ ಹೋದರೆ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ ಬಂದೂಕು ಹಿಡಿದು ಕಾವಲು ನಿಂತ ಜವಾನ. ಹಳೆಯ ಬೆಳಗಾವಿಯ ಗಲ್ಲಿಗಳಲ್ಲಿ ಶಿವಾಜಿ ಮಹಾರಾಜರ ಚಿತ್ರವಿಲ್ಲದ ಓಣಿ ಹುಡುಕುವುದೇ ಕಷ್ಟ. ನವರಾತ್ರಿ ಬಂತೆಂದರೆ ಹತ್ತು ಕೈಗಳಲ್ಲಿ ಹತ್ತು ಆಯುಧ ಹಿಡಿದ ದೇವಿ ಮಂಟಪ ಮಂಟಪದಲ್ಲೂ ಕೂರುತ್ತಾಳೆ.

ಇಂಥ ಊರಿನ ಶಾಲೆಯೊಂದು ತನ್ನ ನಿಯಮಗಳ ಪಟ್ಟಿಯಲ್ಲಿ ‘ಆಯುಧ, ಆಯುಧದ ಚಿತ್ರ, ಆಯುಧವಿರುವ ವೇಷ ಯಾವುದಕ್ಕೂ ಅವಕಾಶವಿಲ್ಲ’ ಎಂದು ಬರೆದುಬಿಟ್ಟರೆ ಏನಾದೀತು? ಅಕ್ಷರಶಃ ಪಾಲಿಸಹೊರಟರೆ ಶಾಲೆಯ ಗೋಡೆಯ ಮೇಲಿನ ಚನ್ನಮ್ಮನ ಫೋಟೊವನ್ನೇ ಇಳಿಸಬೇಕಾಗುತ್ತದೆ. ಯಾವ ನಿಯಮವನ್ನೂ ಬರೆಯದೆ ಬಿಟ್ಟರೆ, ಏಳನೆಯ ತರಗತಿಯ ಹುಡುಗನೊಬ್ಬ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತಲವಾರ ಬಿಡಿಸಿ ಅದರ ಕೆಳಗೆ ಸಹಪಾಠಿಯ ಹೆಸರು ಬರೆದ ದಿನ ಶಿಕ್ಷಕರಿಗೆ ದಿಕ್ಕು ತೋಚುವುದಿಲ್ಲ. ಇವೆರಡರ ನಡುವೆ ದಾರಿಯಿದೆ. ಅದನ್ನು ಪ್ರತಿ ಶಾಲೆಯೂ ಬರಹದಲ್ಲಿ ಇಟ್ಟುಕೊಳ್ಳಬೇಕು, ಕನ್ನಡ ಶಾಲೆಗೂ ಮರಾಠಿ ಶಾಲೆಗೂ ಉರ್ದು ಶಾಲೆಗೂ ಅದು ಒಂದೇ ಆಗಿರಬೇಕು ಎಂಬುದು ನನ್ನ ವಾದ.

ಮೊದಲು ಶಾಲೆಯ ವರ್ಷವನ್ನೇ ನೋಡೋಣ. ಕಿತ್ತೂರು ರಾಣಿ ಚನ್ನಮ್ಮನ ಬಂಟ ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಅವನು ಹುಟ್ಟಿದ ದಿನವೆಂದು ನಾವು ಆಚರಿಸುವುದು ಆಗಸ್ಟ್ 15ನ್ನು. ಅಂದರೆ ನಾಡಿನ ಎಲ್ಲ ಶಾಲೆಗಳೂ ಧ್ವಜ ಹಾರಿಸುವ ಎರಡೂ ದಿನಗಳು ಈ ಭಾಗದ ಮಕ್ಕಳಿಗೆ ರಾಯಣ್ಣನ ದಿನಗಳೂ ಹೌದು. ನಂದಗಡದ ಸಮಾಧಿಯ ಮೇಲಿನ ಆಲದ ಮರವನ್ನು ಅವನ ಸಂಗಡಿಗನೊಬ್ಬ ನೆಟ್ಟನೆಂದು ಜನ ಹೇಳುತ್ತಾರೆ. ಆ ನೆರಳಿನಲ್ಲಿ ಕೂತು ಕಥೆ ಕೇಳಿದ ಹುಡುಗ ಮರುದಿನ ಶಾಲೆಯಲ್ಲಿ ಕೋಲನ್ನೇ ಕತ್ತಿ ಮಾಡಿಕೊಂಡರೆ ಅದರಲ್ಲಿ ಅಚ್ಚರಿಯೇನು? ಅಕ್ಟೋಬರ್ 23 ಬಂದರೆ ಕಿತ್ತೂರು ಉತ್ಸವ. ಧಾರವಾಡದ ಕಲೆಕ್ಟರ್ ಥ್ಯಾಕರೆ 1824ರ ಆ ದಿನ ಕಿತ್ತೂರಿನ ಕೋಟೆಯ ಮುಂದೆ ಬಿದ್ದ. ಅಮಟೂರು ಬಾಳಪ್ಪನ ಗುಂಡಿಗೆ ಎಂದು ನಾವು ಓದಿದ್ದೇವೆ. ಚನ್ನಮ್ಮ ಹುಟ್ಟಿದ ಕಾಕತಿ ಬೆಳಗಾವಿಯ ಮಗ್ಗುಲಲ್ಲೇ ಇದೆ. ಶಿವಜಯಂತಿಯ ಚಿತ್ರರಥಗಳ ಮೆರವಣಿಗೆಯಲ್ಲಿ ಶಿವಾಜಿಯ ಸೈನಿಕರಾದ ಮಾವಳೆಯರ ವೇಷದ ಮಕ್ಕಳು ಗಾಡಿಗಳ ಮೇಲೆ ನಿಂತು ರಾತ್ರಿಯೆಲ್ಲ ಪ್ರಸಂಗಗಳನ್ನು ಆಡಿ ತೋರಿಸುತ್ತಾರೆ.

ಶಾಲೆಯ ಛದ್ಮವೇಷ ಸ್ಪರ್ಧೆಯ ಹಿಂದಿನ ರಾತ್ರಿ ಮನೆಗಳಲ್ಲಿ ಏನು ನಡೆಯುತ್ತದೆಂದು ಪಾಲಕರಿಗೆ ಚೆನ್ನಾಗಿ ಗೊತ್ತು. ಮಿಕ್ಸರ್ ಬಂದಿದ್ದ ರಟ್ಟಿನ ಪೆಟ್ಟಿಗೆ ಕತ್ತರಿಸಿ ಅಪ್ಪ ಕತ್ತಿಯ ಆಕಾರ ತೆಗೆಯುತ್ತಾನೆ. ಅದಕ್ಕೆ ಬೇಗಡೆ ಸುತ್ತಿ, ಹಿಡಿಗೆ ಕೆಂಪು ಟೇಪು ಅಂಟಿಸುತ್ತಾರೆ. ಅವ್ವನ ಇಳಕಲ್ ಸೀರೆಯನ್ನು ಮಡಚಿ ಮಡಚಿ ಕಚ್ಚೆ ಹಾಕಿ ಉಡಿಸುವಾಗ ಮನೆಯಲ್ಲಿದ್ದ ಪಿನ್ನುಗಳೆಲ್ಲ ಮುಗಿಯುತ್ತವೆ. ಬೆಳಿಗ್ಗೆ ವೇದಿಕೆಯ ಮೇಲೆ ಆರು ವರ್ಷದ ಹುಡುಗಿ ಕಪ್ಪ ಕೊಡುವುದಿಲ್ಲವೆಂದು ಗುಡುಗುವ ಹೊತ್ತಿಗೆ ರಟ್ಟು ಬಾಗಿ ಕತ್ತಿಯ ತುದಿ ಜೋಲು ಬಿದ್ದಿರುತ್ತದೆ. ಮಾತು ಮರೆತರೆ ಕೆಳಗಿನಿಂದ ಅಕ್ಕೋರು ಎತ್ತಿಕೊಡುತ್ತಾರೆ. ವರ್ಷವಿಡೀ ತರಗತಿಯಲ್ಲಿ ಬಾಯಿ ಬಿಡದ ಎಷ್ಟೋ ಹೆಣ್ಣುಮಕ್ಕಳು ಮೊದಲ ಸಲ ದೊಡ್ಡ ದನಿಯಲ್ಲಿ ಮಾತಾಡುವುದು ಆ ವೇಷದಲ್ಲೇ. ಆ ರಟ್ಟಿನ ತುಂಡನ್ನು ‘ಆಯುಧ’ ಎಂದು ಕಸಿದುಕೊಂಡರೆ ಅವಳ ಕೈಯಿಂದ ಹೋಗುವುದು ರಟ್ಟು ಮಾತ್ರವಲ್ಲ.

ದೀಪಾವಳಿಯ ಕಿಲ್ಲಾಗಳೂ ಹಾಗೆಯೇ. ಹೊರ ಊರಿನ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೆಳಗಾವಿಯ ಗಲ್ಲಿಗಳಲ್ಲಿ, ಖಾನಾಪುರದ ಮನೆಯಂಗಳಗಳಲ್ಲಿ ಹಬ್ಬದ ರಜೆ ಸಿಕ್ಕ ಕೂಡಲೇ ಮಕ್ಕಳು ಕಲ್ಲು, ಇಟ್ಟಿಗೆ ಚೂರು ಗುಡ್ಡೆ ಹಾಕುತ್ತಾರೆ. ಅದರ ಮೇಲೆ ಗೋಣಿಚೀಲ ಹೊದಿಸಿ, ಕೆಮ್ಮಣ್ಣು ಕಲಸಿ ಮೆತ್ತುತ್ತಾರೆ. ಸಾಸಿವೆಯನ್ನೋ ರಾಗಿಯನ್ನೋ ಎರಚಿ ನೀರು ಚಿಮುಕಿಸಿದರೆ ನಾಲ್ಕೈದು ದಿನಕ್ಕೆ ಹಸಿರು ಮೊಳೆತು ಗುಡ್ಡ ನಿಜವಾದ ಗುಡ್ಡದಂತೆ ಕಾಣುತ್ತದೆ. ಬುರುಜು, ಮಹಾದ್ವಾರ, ಕೆರೆ, ಮೆಟ್ಟಿಲು ಎಲ್ಲ ಆದ ಮೇಲೆ ಪೇಟೆಯಿಂದ ತಂದ ಬೊಂಬೆಗಳು: ಸಿಂಹಾಸನದ ಮೇಲೆ ಶಿವಾಜಿ, ಮೆಟ್ಟಿಲ ಮೇಲೆ ಭರ್ಚಿ ಹಿಡಿದ ಕಾವಲುಗಾರರು, ಬುರುಜಿನಲ್ಲಿ ತೋಪು. ರಾಜಗಡ ಯಾವುದು, ಪ್ರತಾಪಗಡ ಯಾವುದು ಎಂದು ಕೇಳಿ, ಮಣ್ಣಾದ ಕೈಗಳಲ್ಲೇ ತೋರಿಸಿ ಹೇಳುತ್ತಾರೆ. ಭೂಗೋಳ, ಇತಿಹಾಸ, ಜಲನಿರ್ವಹಣೆ ಮೂರನ್ನೂ ಒಟ್ಟಿಗೆ ಕಲಿಸುವ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ನೋಡಿಲ್ಲ. ಇದರಲ್ಲಿ ತೋಪಿದೆ, ಕತ್ತಿಯಿದೆ. ಇದ್ದರೇನು?

ಹಾಗೆಂದು ಶಿಕ್ಷಕರ ಭಯವನ್ನು ತಳ್ಳಿಹಾಕುವಂತಿಲ್ಲ. 2025ರ ಮೇ ತಿಂಗಳಲ್ಲಿ ಪಕ್ಕದ ಹುಬ್ಬಳ್ಳಿಯಲ್ಲಿ ಆಟದ ನಡುವೆ ಹುಟ್ಟಿದ ಜಗಳದಲ್ಲಿ ಆರನೆಯ ತರಗತಿಯ ಬಾಲಕನೊಬ್ಬ ತನಗಿಂತ ದೊಡ್ಡವನಾದ ಗೆಳೆಯನನ್ನು ಚಾಕುವಿನಿಂದ ಇರಿದ. ಆ ಹುಡುಗ ಉಳಿಯಲಿಲ್ಲ. 2024ರ ಆಗಸ್ಟ್‌ನಲ್ಲಿ ರಾಜಸ್ಥಾನದ ಉದಯಪುರದಲ್ಲಿ ಸರ್ಕಾರಿ ಶಾಲೆಯ ಹತ್ತನೆಯ ತರಗತಿಯ ವಿದ್ಯಾರ್ಥಿಯನ್ನು ಸಹಪಾಠಿಯೇ ಇರಿದ. ಹುಡುಗ ತೀರಿಕೊಂಡ, ಊರಿನಲ್ಲಿ ಕೋಮು ಉದ್ವೇಗ ಹೊತ್ತಿಕೊಂಡಿತು. ಅದರ ಬೆನ್ನಲ್ಲೇ ಅಲ್ಲಿನ ಶಿಕ್ಷಣ ಇಲಾಖೆ ಶಾಲೆಗೆ ಹರಿತವಾದ ವಸ್ತು ತರುವುದನ್ನು ನಿಷೇಧಿಸಿತು. ನಮ್ಮ ಕಡೆಯ ಪತ್ರಿಕೆಗಳಲ್ಲಿ ತಲವಾರದಿಂದ ಹುಟ್ಟುಹಬ್ಬದ ಕೇಕ್ ಕತ್ತರಿಸಿ ವಿಡಿಯೊ ಹಾಕಿದ ಯುವಕರ ಮೇಲೆ ಪ್ರಕರಣ ದಾಖಲಾದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಆ ವಿಡಿಯೊಗಳನ್ನು ನೋಡುವವರಲ್ಲಿ ಎಂಟನೆಯ, ಒಂಬತ್ತನೆಯ ತರಗತಿಯ ಹುಡುಗರೂ ಇದ್ದಾರೆ. ತೆರೆಯ ಮೇಲೆ ಲಾಂಗು, ಮಚ್ಚು ಹಿಡಿದ ನಾಯಕನನ್ನು ಮೂರು ದಶಕಗಳಿಂದ ಮೆರೆಸಿದ ಸಿನಿಮಾಗಳ ನೆರಳೂ ಅವರ ಮೇಲಿದೆ.

ಹೀಗಿರುವಾಗ ಹೆದರಿದ ಮುಖ್ಯ ಗುರುಗಳು ‘ಏನೂ ಬೇಡ, ಎಲ್ಲ ಬಂದ್’ ಎಂದರೆ ಅವರನ್ನು ದೂರುವುದು ಸುಲಭವಲ್ಲ. ಆದರೆ ಹುಬ್ಬಳ್ಳಿಯಲ್ಲೂ ಉದಯಪುರದಲ್ಲೂ ಜೀವ ತೆಗೆದದ್ದು ಅಲಗು. ಗೋಡೆಯ ಚಿತ್ರ, ರಟ್ಟಿನ ಕತ್ತಿ, ಮಣ್ಣಿನ ತೋಪುಗಳನ್ನು ಹೊರಗಿಟ್ಟ ಮಾತ್ರಕ್ಕೆ ಚೀಲದೊಳಗಿನ ಚಾಕು ಕಾಣಿಸಿಕೊಳ್ಳುವುದಿಲ್ಲ. ಶಿಕ್ಷಕರ ಕಣ್ಣು ಚಿತ್ರ ಹುಡುಕುವುದರಲ್ಲಿ ತೊಡಗಿದರೆ, ಒಂದು ವಾರದಿಂದ ಊಟ ಬಿಟ್ಟು ಮೂಲೆಯಲ್ಲಿ ಕೂರುತ್ತಿರುವ ಹುಡುಗ ಕಣ್ತಪ್ಪುತ್ತಾನೆ.

ಅಲಗಿನ ವಿಷಯದಲ್ಲಿ ಕಾನೂನಿಗೆ ತಕ್ಕಮಟ್ಟಿನ ಸ್ಪಷ್ಟತೆಯಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು ಅದರ ನಿಯಮಗಳು ಕತ್ತಿ, ಕಠಾರಿ, ಭರ್ಚಿಯಂಥವುಗಳಲ್ಲಿ 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಳ್ಳವನ್ನು ಆಯುಧವೆಂದು ಎಣಿಸುತ್ತವೆ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಅವನ್ನು ಇಟ್ಟುಕೊಳ್ಳಲು ಪರವಾನಗಿ ಬೇಕು. ಮನೆಗೆಲಸಕ್ಕೆ, ಬೇಸಾಯಕ್ಕೆ ಮಾಡಿದ ಹತಾರಗಳನ್ನು ಈ ಎಣಿಕೆಯಿಂದ ಬಿಟ್ಟಿದ್ದಾರೆ. ಖಾನಾಪುರದವರಿಗೆ ಈ ವಿನಾಯಿತಿಯ ಬೆಲೆ ಗೊತ್ತು. ಭೀಮಗಡ ಅಭಯಾರಣ್ಯದ ಅಂಚಿನ ಊರುಗಳಲ್ಲಿ ಕೊಡಲಿ, ಕುಡುಗೋಲು ಇಲ್ಲದೆ ದಿನ ಸಾಗುವುದಿಲ್ಲ. ಸಂಜೆ ಮನೆಗೆ ಹೋಗುವಾಗ ಹುಲ್ಲು ಕೊಯ್ದುಕೊಂಡು ಹೋಗಬೇಕಾದ ಹುಡುಗನ ಚೀಲದಲ್ಲಿ ಕುಡುಗೋಲು ಸಿಕ್ಕರೆ ಅವನು ಅಪರಾಧಿಯಲ್ಲ. ಹಾಗಿದ್ದೂ ಆ ಕುಡುಗೋಲು ತರಗತಿಯೊಳಗೆ ಇರಕೂಡದು. ಬೆಳಿಗ್ಗೆ ಮುಖ್ಯ ಗುರುಗಳ ಕೋಣೆಯಲ್ಲಿಟ್ಟು ಸಂಜೆ ಒಯ್ದರೆ ಇಬ್ಬರ ಕೆಲಸವೂ ಆಗುತ್ತದೆ. ಗದರಿಕೆ ಬೇಡ, ಪೊಲೀಸರು ಬೇಡ.

ನಿಜವಾದ ಆಯುಧವನ್ನೂ ಮಕ್ಕಳ ಬದುಕಿನಿಂದ ಪೂರ್ತಿ ದೂರವಿಟ್ಟ ಜಿಲ್ಲೆ ನಮ್ಮದಲ್ಲ. ಕಿತ್ತೂರಿನಲ್ಲಿ 1969ರಲ್ಲಿ ಶುರುವಾದ ರಾಣಿ ಚನ್ನಮ್ಮ ವಸತಿ ಶಾಲೆಯಲ್ಲಿ ಹೆಣ್ಣುಮಕ್ಕಳು ಕುದುರೆ ಸವಾರಿಯ ಜೊತೆ ರೈಫಲ್ ಗುರಿಯನ್ನೂ ಕಲಿಯುತ್ತಾರೆ. ಬೆಳಗಾವಿಯಲ್ಲಿ ರಾಷ್ಟ್ರೀಯ ಮಿಲಿಟರಿ ಶಾಲೆಯಿದೆ. ಎನ್‌ಸಿಸಿ ಕೆಡೆಟ್‌ಗಳು ಶಿಬಿರದಲ್ಲಿ ಗುಂಡು ಹಾರಿಸಿ ಬರುತ್ತಾರೆ. ಅಲ್ಲೆಲ್ಲ ಯಾರ ಕೈಗೆ, ಯಾವಾಗ, ಯಾರ ಕಣ್ಣೆದುರಿಗೆ, ಎಷ್ಟು ಹೊತ್ತು ಎಂಬ ಕಟ್ಟುನಿಟ್ಟು ಇದೆ, ಗುಂಡಿನ ಲೆಕ್ಕ ಒಪ್ಪಿಸದೆ ಯಾರೂ ಮೈದಾನ ಬಿಡುವುದಿಲ್ಲ. ಆ ಶಿಸ್ತಿನಲ್ಲಿ ಬೆಳೆದ ಮಕ್ಕಳಿಂದ ನಮಗೆ ಭಯವಾಗುವುದಿಲ್ಲ. ಆದರೆ 2022ರ ಮೇ ತಿಂಗಳಲ್ಲಿ ಕೊಡಗಿನ ಪೊನ್ನಂಪೇಟೆಯ ಶಾಲಾ ಆವರಣದಲ್ಲಿ ಸಂಘಟನೆಯೊಂದರ ಶಿಬಿರ ನಡೆದು, ಏರ್‌ಗನ್ ತರಬೇತಿಯ ಮತ್ತು ತ್ರಿಶೂಲ ಹಿಡಿದವರ ಫೋಟೊಗಳು ಹೊರಬಂದಾಗ ರಾಜ್ಯವೇ ಬೆಚ್ಚಿತ್ತು. ಅಲ್ಲಿ ಇದ್ದವರು ದೊಡ್ಡವರೇ ಇರಬಹುದು. ಆದರೆ ಜಾಗ ಶಾಲೆಯದು, ನಾಳೆ ಅದೇ ಬಯಲಿನಲ್ಲಿ ಪ್ರಾರ್ಥನೆಗೆ ನಿಲ್ಲುವವರು ಮಕ್ಕಳು.

ಈ ಜಟಿಲತೆ ನಮ್ಮೊಬ್ಬರದೇ ಅಲ್ಲ. ಶಾಲೆಗಳಲ್ಲಿ ಗುಂಡಿನ ದಾಳಿಗಳಿಂದ ತತ್ತರಿಸಿದ ಅಮೆರಿಕ ‘ಎಳ್ಳಷ್ಟೂ ಸಹಿಸುವುದಿಲ್ಲ’ ಎಂಬ ನೀತಿಗೆ ಹೋಯಿತು. ಅದು ಎಲ್ಲಿಗೆ ಮುಟ್ಟಿತೆಂದರೆ, 2013ರಲ್ಲಿ ಮೇರಿಲ್ಯಾಂಡ್‌ನ ಶಾಲೆಯೊಂದು ತಿಂಡಿಯನ್ನು ಕಚ್ಚಿ ಕಚ್ಚಿ ಪಿಸ್ತೂಲಿನ ಆಕಾರ ಮಾಡಿದ ಏಳು ವರ್ಷದ ಹುಡುಗನನ್ನು ಎರಡು ದಿನ ಅಮಾನತು ಮಾಡಿತು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ ಈ ನೀತಿಯನ್ನು ಪರಿಶೀಲಿಸಲು ನೇಮಿಸಿದ ಕಾರ್ಯಪಡೆ 2006ರಷ್ಟು ಹಿಂದೆಯೇ, ಇಂಥ ಕಣ್ಣುಮುಚ್ಚಿದ ಶಿಕ್ಷೆಯಿಂದ ಶಾಲೆಗಳು ಹೆಚ್ಚು ಸುರಕ್ಷಿತವಾಗಿಲ್ಲ ಎಂದು ಹೇಳಿತ್ತು.

ಅದೇ ದೇಶದ ಇನ್ನೊಂದು ಪ್ರಕರಣ ಬೆಳಗಾವಿಯವರು ಓದಲೇಬೇಕಾದದ್ದು. ವರ್ಜೀನಿಯಾ ರಾಜ್ಯದ ಆಲ್ಬೆಮಾರ್ಲ್ ಕೌಂಟಿಯಲ್ಲಿ 2002ರಲ್ಲಿ 12 ವರ್ಷದ ಹುಡುಗನೊಬ್ಬ ಶೂಟಿಂಗ್ ಕ್ರೀಡಾ ಶಿಬಿರದ ಟೀಶರ್ಟ್ ಹಾಕಿಕೊಂಡು ಶಾಲೆಗೆ ಬಂದ. ಅದರ ಮೇಲೆ ಗುರಿ ಹಿಡಿದ ಆಕೃತಿಗಳಿದ್ದವು. ಶಾಲೆಯವರು ಅದನ್ನು ತಿರುಗಿಸಿ ಹಾಕಿಕೊಳ್ಳುವಂತೆ ಮಾಡಿದರು, ಆಮೇಲೆ ಆಯುಧಕ್ಕೆ ಸಂಬಂಧಿಸಿದ ಯಾವ ಚಿತ್ರವೂ ಬಟ್ಟೆಯ ಮೇಲೆ ಇರಕೂಡದೆಂದು ನಿಯಮ ಬಿಗಿ ಮಾಡಿದರು. ಮೇಲ್ಮನವಿ ನ್ಯಾಯಾಲಯ 2003ರಲ್ಲಿ ಹುಡುಗನ ಪರ ನಿಂತಿತು. ಆಗ ನ್ಯಾಯಾಧೀಶರು ಎತ್ತಿ ತೋರಿಸಿದ ಮಾತು ಸ್ವಾರಸ್ಯದ್ದು: ವರ್ಜೀನಿಯಾದ ರಾಜ್ಯಮುದ್ರೆಯಲ್ಲೇ ಭರ್ಚಿ ಹಿಡಿದ ಸ್ತ್ರೀಯೊಬ್ಬಳು ಉರುಳಿಬಿದ್ದ ದಬ್ಬಾಳಿಕೆಗಾರನ ಮೇಲೆ ಕಾಲಿಟ್ಟು ನಿಂತಿದ್ದಾಳೆ, ಅದೇ ಊರಿನ ವಿಶ್ವವಿದ್ಯಾಲಯದ ಕ್ರೀಡಾ ಲಾಂಛನದಲ್ಲಿ ಎರಡು ಕತ್ತಿಗಳಿವೆ; ಶಾಲೆಯ ನಿಯಮದ ಪ್ರಕಾರ ಇವೆಲ್ಲವೂ ನಿಷಿದ್ಧವಾಗುತ್ತವಲ್ಲ! ನಮ್ಮ ಚನ್ನಮ್ಮ ವೃತ್ತದಲ್ಲಿ ನಿಂತು ನೋಡಿದರೆ ಆ ತೀರ್ಪಿನ ತಿರುಳು ಒಂದೇ ನೋಟಕ್ಕೆ ಅರ್ಥವಾಗುತ್ತದೆ.

ಕೆನಡಾದ ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಕೊಟ್ಟ ತೀರ್ಪು ಇನ್ನೂ ಸೂಕ್ಷ್ಮ. ಕ್ವಿಬೆಕ್‌ನ ಶಾಲೆಯೊಂದರಲ್ಲಿ ಸಿಖ್ ಬಾಲಕನ ಕಿರ್ಪಾಣ್ ಅಂಗಳದಲ್ಲಿ ಬಿತ್ತು; ಶಾಲಾ ಮಂಡಳಿ ಅದನ್ನು ತರಲೇಬಾರದೆಂದಿತು. ಪೂರ್ತಿ ನಿಷೇಧ ಸಲ್ಲದು, ಆದರೆ ಕಿರ್ಪಾಣ್ ಮರದ ಒರೆಯಲ್ಲಿರಬೇಕು, ಬಟ್ಟೆಯಲ್ಲಿ ಸುತ್ತಿ ಹೊಲಿದು ಉಡುಪಿನೊಳಗೇ ಇರಬೇಕು ಎಂದು ನ್ಯಾಯಾಲಯ ದಾರಿ ತೋರಿಸಿತು. ಶಾಲೆಯಲ್ಲಿ ಕತ್ತರಿಯೂ ಇದೆ, ಬೇಸ್‌ಬಾಲ್ ಬ್ಯಾಟೂ ಇದೆ ಎಂಬುದನ್ನೂ ಅದು ನೆನಪಿಸಿತು. ನಮ್ಮ ಸಂವಿಧಾನದ 25ನೆಯ ವಿಧಿ ಕಿರ್ಪಾಣ್ ಧರಿಸುವುದು ಸಿಖ್ ಧರ್ಮಾಚರಣೆಯ ಭಾಗವೆಂದು ಮೊದಲಿನಿಂದಲೂ ಒಪ್ಪಿದೆ. ಅಂದರೆ ಬೇಕು, ಬೇಡ ಎಂಬ ಎರಡೇ ಉತ್ತರಗಳಿಗೆ ಕಟ್ಟುಬೀಳಬೇಕಾಗಿಲ್ಲ. ಹೇಗೆ, ಎಷ್ಟು, ಯಾವ ಷರತ್ತಿನಲ್ಲಿ ಎಂದು ಕೇಳಿಕೊಳ್ಳಲು ಬರುತ್ತದೆ.

ಕರ್ನಾಟಕದಲ್ಲಿ ಮಕ್ಕಳ ಮಾತಿಗೆ ಏನಾಗಬಹುದೆಂಬುದಕ್ಕೆ ಬೀದರ್ ಸಾಕ್ಷಿ. 2020ರ ಜನವರಿ 21ರಂದು ಶಾಹೀನ್ ಶಾಲೆಯಲ್ಲಿ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆ ನಾಟಕವಾಡಿದರು. ರಾಜದ್ರೋಹದ ಪ್ರಕರಣ ದಾಖಲಾಯಿತು. ಒಬ್ಬ ಶಿಕ್ಷಕಿ ಮತ್ತು ಒಬ್ಬ ಮಗುವಿನ ತಾಯಿ ಜೈಲಿಗೆ ಹೋದರು. ಪೊಲೀಸರು ಶಾಲೆಗೆ ಮತ್ತೆ ಮತ್ತೆ ಬಂದು ಮಕ್ಕಳನ್ನು ವಿಚಾರಿಸಿದರು. 2021ರ ಆಗಸ್ಟ್‌ನಲ್ಲಿ ಹೈಕೋರ್ಟ್ ಫೋಟೊಗಳನ್ನು ನೋಡಿ, ಸಮವಸ್ತ್ರದಲ್ಲಿ, ಬಂದೂಕು ಸಮೇತ ಮಕ್ಕಳೆದುರು ಕೂತು ಪ್ರಶ್ನೆ ಕೇಳಿದ್ದು ಮೇಲ್ನೋಟಕ್ಕೇ ಮಕ್ಕಳ ಹಕ್ಕಿನ ಗಂಭೀರ ಉಲ್ಲಂಘನೆ ಎಂದಿತು. 2023ರ ಜೂನ್‌ನಲ್ಲಿ ಕಲಬುರಗಿ ಪೀಠ ಇಡೀ ಪ್ರಕರಣವನ್ನು ರದ್ದು ಮಾಡಿತು. ನಾಟಕ ನಡೆದದ್ದು ಶಾಲೆಯೊಳಗೆ, ಹಿಂಸೆಗೆ ಪ್ರಚೋದಿಸುವ ಮಾತು ಅದರಲ್ಲಿರಲಿಲ್ಲ, ವಿಡಿಯೊ ಜಾಲತಾಣಕ್ಕೆ ಹೋದ ಮೇಲಷ್ಟೇ ಅದು ಹೊರಗಿನವರಿಗೆ ಗೊತ್ತಾಯಿತು ಎಂದು ಪೀಠ ಗಮನಿಸಿತು. ಜೊತೆಗೆ, ಇಂಥ ರಾಜಕೀಯ ವಿವಾದಗಳಿಗಿಂತ ಮಕ್ಕಳ ಕಲಿಕೆಯನ್ನು ಅರಳಿಸುವ ವಿಷಯಗಳನ್ನು ಶಾಲೆ ಆರಿಸಿಕೊಳ್ಳುವುದು ಒಳಿತೆಂದೂ ಹೇಳಿತು. ಇದಕ್ಕೆ ಸ್ವಲ್ಪವೇ ಮೊದಲು, 2019ರ ಡಿಸೆಂಬರ್‌ನಲ್ಲಿ, ದಕ್ಷಿಣ ಕನ್ನಡದ ಕಲ್ಲಡ್ಕದ ಶಾಲೆಯೊಂದರ ಕ್ರೀಡಾಕೂಟದಲ್ಲಿ ಮಕ್ಕಳಿಂದ ಬಾಬ್ರಿ ಮಸೀದಿ ಕೆಡವುವ ದೃಶ್ಯ ಆಡಿಸಿದ್ದರು. ಅಲ್ಲೂ ಪೊಲೀಸ್ ಪ್ರಕರಣವಾಯಿತು.

ಎರಡೂ ಕಡೆ ಮಕ್ಕಳು ಆಡಿದ್ದು ದೊಡ್ಡವರು ಬರೆದುಕೊಟ್ಟ ಮಾತು, ದೊಡ್ಡವರು ಹೇಳಿಕೊಟ್ಟ ಅಭಿನಯ. ನನ್ನನ್ನು ಕಾಡುವುದು ಇದೇ. ಮಗುವಿನ ಅಭಿವ್ಯಕ್ತಿ ಎಂದು ನಾವು ಜಗಳಕ್ಕೆ ನಿಂತಾಗ ಅರ್ಧ ಸಲ ಅದು ಮಗುವಿನದಾಗಿರುವುದೇ ಇಲ್ಲ. ತಾನೇ ಕೂತು ಬಿಡಿಸಿದ ಚಿತ್ರಕ್ಕೂ ತನ್ನ ಕೈಗೆ ತುರುಕಿದ ಫಲಕಕ್ಕೂ ಮಗುವಿನ ಮಟ್ಟಿಗೆ ಬಹಳ ಅಂತರವಿದೆ. ಶಾಲೆ ಮೊದಲನೆಯದಕ್ಕೆ ಧಾರಾಳವಾಗಿ ಜಾಗ ಕೊಡಬೇಕು, ಎರಡನೆಯದರ ಬಗ್ಗೆ ನಾಲ್ಕು ಸಲ ಯೋಚಿಸಬೇಕು.

ಬೆಳಗಾವಿಯಲ್ಲಿ ಈ ಯೋಚನೆಗೆ ಇನ್ನೊಂದು ಭಾರವೂ ಇದೆ. 2020ರ ಆಗಸ್ಟ್‌ನಲ್ಲಿ ಪೀರನವಾಡಿಯಲ್ಲಿ ರಾತ್ರೋರಾತ್ರಿ ರಾಯಣ್ಣನ ಪ್ರತಿಮೆ ನಿಂತಾಗ ಕನ್ನಡ ಮತ್ತು ಮರಾಠಿ ಭಾಷಿಕರು ಎದುರುಬದುರಾದರು. ಕೊನೆಗೆ ಮಾತುಕತೆಯಲ್ಲಿ, ಪ್ರತಿಮೆ ಅಲ್ಲೇ ಇರಲಿ, ವೃತ್ತಕ್ಕೆ ಶಿವಾಜಿ ಮಹಾರಾಜರ ಹೆಸರಿರಲಿ ಎಂದು ಒಪ್ಪಂದವಾಯಿತು. 2021ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಶಿವಾಜಿ ಪ್ರತಿಮೆಗೆ ಮಸಿ ಬಿದ್ದರೆ, ಇಲ್ಲಿ ಅನಗೋಳದಲ್ಲಿ ರಾಯಣ್ಣನ ಪ್ರತಿಮೆಗೆ ಪೆಟ್ಟು ಬಿತ್ತು. 2022ರ ನವೆಂಬರ್ ಕೊನೆಯಲ್ಲಿ ತಿಳಕವಾಡಿಯ ಕಾಲೇಜೊಂದರ ಉತ್ಸವದಲ್ಲಿ ಕುಣಿಯುತ್ತ ಕನ್ನಡ ಬಾವುಟ ಹಿಡಿದ ವಿದ್ಯಾರ್ಥಿಯನ್ನು ಸಹಪಾಠಿಗಳೇ ಹೊಡೆದರು. ಬಾವುಟಕ್ಕೆ ಅಲಗೂ ಇಲ್ಲ, ಮೊನೆಯೂ ಇಲ್ಲ. ಏಟು ಮಾತ್ರ ಬಿತ್ತು.

ಈ ಊರಿನಲ್ಲಿ ಬರೆಯದ ನಿಯಮ ಎಂದೂ ತಟಸ್ಥವಾಗಿ ಉಳಿಯುವುದಿಲ್ಲ. ಮುಖ್ಯ ಗುರುಗಳು ಒಂದು ವೇಷಕ್ಕೆ ಹೂಂ ಎಂದು ಇನ್ನೊಂದಕ್ಕೆ ಉಹೂಂ ಎಂದರೆ, ಕಾರಣ ಎಷ್ಟೇ ಪ್ರಾಮಾಣಿಕವಾಗಿದ್ದರೂ ಸಂಜೆಯ ಹೊತ್ತಿಗೆ ಅದು ಚನ್ನಮ್ಮನಿಗೆ ಹೂಂ, ಶಿವಾಜಿಗೆ ಉಹೂಂ ಎಂದೋ, ಅದರ ತಿರುಗಾಗಿಯೋ ಊರೆಲ್ಲ ಹರಡುತ್ತದೆ. ಟಿಪ್ಪುವಿನ ವೇಷ ಹಾಕಿ ಬಂದ ಮಗುವಿನ ಗತಿ ಕೇಳುವುದೇ ಬೇಡ. ಬೆಂಗಳೂರಿನ ಶಾಲೆ ಮುಖ್ಯ ಗುರುಗಳ ವಿವೇಚನೆಯ ಮೇಲೆ ನಡೆದೀತು. ಬೆಳಗಾವಿಯ ಶಾಲೆಗೆ, ಕನ್ನಡ ಮರಾಠಿ ಮಕ್ಕಳು ಒಂದೇ ಅಂಗಳದಲ್ಲಿ ಆಡುವ ಖಾನಾಪುರದ ಶಾಲೆಗೆ, ಗೋಡೆಯ ಮೇಲೆ ಎರಡೂ ಭಾಷೆಯಲ್ಲಿ ಅಂಟಿಸಿದ ಕಾಗದವೇ ರಕ್ಷೆ.

ಆ ಕಾಗದದಲ್ಲಿ ಏನಿರಬೇಕು? ನನಗೆ ತಿಳಿದಂತೆ ಬಹಳ ಇರಬೇಕಾಗಿಲ್ಲ. ಅಲಗಿರುವ, ಸಿಡಿಯುವ, ಲೋಹದ ಯಾವ ಆಯುಧವನ್ನೂ ಮಕ್ಕಳು ಶಾಲೆಗೆ ತರುವಂತಿಲ್ಲ. ಪೂಜೆಗೆಂದರೂ ಇಲ್ಲ, ಮೆರವಣಿಗೆಗೆಂದರೂ ಇಲ್ಲ. ಆಯುಧಪೂಜೆಗೆ ಪ್ರಯೋಗಾಲಯದ ತಕ್ಕಡಿ, ಹೊಲಿಗೆ ಯಂತ್ರ, ಕಂಪ್ಯೂಟರು ಸಾಕು. ವೇಷಕ್ಕೆ ರಟ್ಟು, ಥರ್ಮಾಕೋಲು, ಮಣ್ಣು. ಖಾನಾಪುರದಲ್ಲಿ ಮಣ್ಣಿಗೇನು ಬರ? ಕುಂಬಾರಿಕೆ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆಯೇ ಅಲ್ಲಿದೆ. ಪ್ರತಿಭಾ ಕಾರಂಜಿಗೆ ಹುಡುಗನೊಬ್ಬ ಮಣ್ಣಿನಲ್ಲಿ ರಾಯಣ್ಣನನ್ನು ಮಾಡಿದರೆ ಅವನ ಕತ್ತಿಯನ್ನೂ ಮಾಡಲಿ. ಕಥೆಯಲ್ಲಿ, ಪಾಠದಲ್ಲಿ, ಪುರಾಣದಲ್ಲಿ ಇರುವ ಆಯುಧವನ್ನು ಬರೆಯಲು, ಆಡಲು, ಬಣ್ಣ ತುಂಬಲು ಅನುಮತಿ ಕೇಳಬೇಕಾಗಿಲ್ಲ. ಆದರೆ ಆ ಆಯುಧ ಶಾಲೆಯಲ್ಲಿರುವ ಒಬ್ಬರ ಕಡೆಗೆ, ಒಂದು ಜಾತಿ, ಧರ್ಮ, ಭಾಷೆಯವರ ಕಡೆಗೆ ತಿರುಗಿದ ಕ್ಷಣ ಅದು ಚಿತ್ರವಾಗಿ ಉಳಿಯುವುದಿಲ್ಲ, ಬೆದರಿಕೆಯಾಗುತ್ತದೆ. ಅದಕ್ಕೆ ಅಭಿವ್ಯಕ್ತಿಯ ಆಸರೆ ಇಲ್ಲ. ಟೀಶರ್ಟ್, ಮೊಬೈಲ್ ಸ್ಟೇಟಸ್, ಡೆಸ್ಕಿನ ಮೇಲೆ ಕೆತ್ತಿದ ಗೀಚು ಎಲ್ಲಕ್ಕೂ ಇದೇ ಅಳತೆ. ನಾಯಕ ಯಾರೇ ಆಗಲಿ, ಎದುರಾಳಿಯ ಪಾತ್ರಕ್ಕೆ ತರಗತಿಯ ಯಾವ ಮಗುವನ್ನೂ ಅವನ ಹೆಸರು ನೋಡಿ, ಮತ ನೋಡಿ ಆರಿಸಕೂಡದು ಎಂಬುದನ್ನೂ ನಾನಂತೂ ಸೇರಿಸುತ್ತೇನೆ. ನಾಟಕ ಮಾಡಿಸುವಾಗ ಆಗುವ ಅತಿ ದೊಡ್ಡ ನೋವು ಅದು, ಮಗು ಅದನ್ನು ಯಾರಿಗೂ ಹೇಳುವುದಿಲ್ಲ.

ಇನ್ನು ನೋಟ್‌ಬುಕ್ಕಿನ ಕೊನೆಯ ಪುಟದ ಹುಡುಗನ ವಿಷಯ. ಮೊದಲು ಚಿತ್ರ ಹರಿಯಬಾರದು. ಎಲ್ಲರೆದುರು ಎತ್ತಿ ತೋರಿಸಬಾರದು. ಅವನನ್ನು ಒಬ್ಬನೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ‘ತಮ್ಮಾ, ಇದರ ಕತಿ ಏನು ಹೇಳು ನೋಡೂಣು’ ಎಂದು ಕೇಳಬೇಕು. ‘ಇಂವ ಯಾರು? ಯಾಕ ಸಿಟ್ಟಾಗ್ಯಾನ?’ ಹತ್ತರಲ್ಲಿ ಒಂಬತ್ತು ಸಲ ಅದು ನಿನ್ನೆ ನೋಡಿದ ಸಿನಿಮಾ, ಮೊಬೈಲ್ ಗೇಮು. ಹತ್ತನೆಯ ಸಲ ಹುಡುಗ ತಲೆ ತಗ್ಗಿಸುತ್ತಾನೆ. ದೊಡ್ಡ ಹುಡುಗರು ದಾರಿಯಲ್ಲಿ ಅಡ್ಡಗಟ್ಟಿ ಹೊಡೆಯುತ್ತಿದ್ದಾರೆ, ಮನೆಯಲ್ಲಿ ಅಪ್ಪ ಕುಡಿದು ಬಂದು ಅವ್ವನ ಮೇಲೆ ಕೈ ಮಾಡುತ್ತಾನೆ ಎಂಬಂಥ ಸಂಗತಿ ಹೊರಬೀಳುತ್ತದೆ. ಆ ಚಿತ್ರ ಅವನಿಗೆ ಗೊತ್ತಿದ್ದ ಒಂದೇ ಭಾಷೆ. ಅದನ್ನು ಹರಿದು ಬಿಸಾಡಿದ್ದರೆ ನಮಗೆ ಈ ಸಂಗತಿ ತಿಳಿಯುತ್ತಲೇ ಇರಲಿಲ್ಲ. ಹೆಸರು ಬರೆದಿದ್ದರೆ ಆ ಇನ್ನೊಂದು ಮಗುವಿನ ಪಾಲಕರಿಗೂ ಅಂದೇ ತಿಳಿಸಬೇಕು, ಮುಚ್ಚಿಡಬಾರದು. ಮಕ್ಕಳ ಸಹಾಯವಾಣಿ 1098 ಇದೆ, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416 ಇದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಪ್ರಾರ್ಥನೆಯ ಹೊತ್ತಿನಲ್ಲಿ ನಿಲ್ಲಿಸಿ ಅವಮಾನಿಸುವುದು ಆ ಕಲಮಿನೊಳಗೇ ಬರುತ್ತದೆ.

ನಿಯಮ ಬರೆಯುವಾಗ ಮಕ್ಕಳನ್ನೂ ಕೂರಿಸಿಕೊಳ್ಳಿ. ತಮಗೆ ಸಂಬಂಧಿಸಿದ ವಿಷಯದಲ್ಲಿ ಮಾತಾಡುವ, ಆ ಮಾತಿಗೆ ಬೆಲೆ ಪಡೆಯುವ ಹಕ್ಕು ಮಕ್ಕಳಿಗಿದೆ ಎಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ಹೇಳುತ್ತದೆ. ಭಾರತ ಅದಕ್ಕೆ 1992ರಲ್ಲೇ ಒಪ್ಪಿಗೆ ಕೊಟ್ಟಿದೆ. ನಮ್ಮ ಶಾಲೆಗಳಲ್ಲಿ ಶಾಲಾ ಸಂಸತ್ತು ಇದೆ, ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ತಾವೇ ಕೂತು ಒಪ್ಪಿದ ನಿಯಮವನ್ನು ಮಕ್ಕಳು ಮುರಿಯುವುದು ಕಡಿಮೆ.

ಪಾಲಕರಿಗೂ ಸಂಘಟಕರಿಗೂ ಒಂದು ಮಾತು. ಶಾಲೆ ಎಷ್ಟೇ ಚೆಂದದ ನಿಯಮ ಬರೆದರೂ, ಹಬ್ಬದ ಮೆರವಣಿಗೆಯಲ್ಲಿ ನಾವೇ ಹತ್ತು ವರ್ಷದವನ ಕೈಗೆ ನಿಜವಾದ ತಲವಾರ ಕೊಟ್ಟು ಫೋಟೊ ತೆಗೆದು ಸ್ಟೇಟಸ್ ಹಾಕಿದರೆ ಅದು ನಿಲ್ಲುವುದಿಲ್ಲ. ಮಗ ಶಾಲೆಯಲ್ಲಿ ಕಲಿತದ್ದು ಬೇರೆ, ಬೀದಿಯಲ್ಲಿ ಕಂಡದ್ದು ಬೇರೆ ಆದಾಗ ಅವನು ನಂಬುವುದು ಬೀದಿಯನ್ನೇ. ರಾಯಣ್ಣನನ್ನಾಗಲಿ, ಶಿವಾಜಿಯನ್ನಾಗಲಿ ಪ್ರೀತಿಸುವವರು ಇಷ್ಟನ್ನು ತಡೆಹಿಡಿಯಬಲ್ಲರೆಂದು ನಾನು ನಂಬಿದ್ದೇನೆ.

ಬೆಳಗಾವಿ ಮತ್ತು ಖಾನಾಪುರದ ಮುಖ್ಯ ಗುರುಗಳಲ್ಲಿ, ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿ ನನ್ನ ಬಿನ್ನಹ ಇಷ್ಟು. ನಿಮ್ಮ ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿ. ಕನ್ನಡ, ಮರಾಠಿ, ಉರ್ದು ಶಾಲೆಗಳು ಅಕ್ಕಪಕ್ಕ ಇರುವಲ್ಲಿ ಒಟ್ಟಿಗೆ ಕೂತು ಒಂದೇ ಕರಡು ಬರೆಯಿರಿ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಒಂದು ಪ್ರತಿ ಕೊಡಿ, ಇನ್ನೊಂದನ್ನು ಗೋಡೆಗೆ ಅಂಟಿಸಿ. ಕಿತ್ತೂರು ಉತ್ಸವಕ್ಕೂ ದೀಪಾವಳಿಯ ರಜೆಗೂ ಮೊದಲು ಈ ಕೆಲಸ ಮುಗಿದಿರಲಿ.